ಮ್ಯಾಕ್ಸಿಕ್ಯಾಬ್ ಮಾಲೀಕರ ಗಮನಕ್ಕೆ: ಭಾನುವಾರದ ಸಭೆ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10.30ಕ್ಕೆ ಸಂಘದ ಕೊಠಡಿಯಲ್ಲಿ ಸೇರೋಣ. 1989ರ ಕರ್ನಾಟಕ ಮೋಟಾರು ವಾಹನಗಳ ನಿಯಮಗಳಲ್ಲಿ ನಮಗೆ ತೊಡಕಾಗಿರುವುದನ್ನು ಸರಳಗೊಳಿಸುವಂತೆ ಸಾರಿಗೆ ಇಲಾಖೆಗೆ ಮನವಿ ಸಲ್ಲಿಸಬೇಕಿದೆ. ಒಪ್ಪಂದ ವಾಹನದ (ಇಡೀ ವಾಹನವನ್ನು ಒಟ್ಟಾಗಿ ಬಾಡಿಗೆಗೆ ಕೊಡುವ) ಪರ್ಮಿಟ್ ಇರುವವರೆಲ್ಲರೂ ಬರಬೇಕು. ಸ್ವಂತ ಬಳಕೆಯ ವಾಹನದವರಿಗೆ ಇದು ಸಂಬಂಧಿಸಿಲ್ಲ.

ಕೇಂದ್ರದ 2023ರ ಅಖಿಲ ಭಾರತ ಪ್ರವಾಸಿ ವಾಹನ ನಿಯಮಗಳಲ್ಲಿ ಅರ್ಜಿಯನ್ನು ಏಳು ದಿನಗಳೊಳಗೆ ತೀರ್ಮಾನಿಸದಿದ್ದರೆ ಪರ್ಮಿಟ್ ಸಿಕ್ಕಂತೆಯೇ ಲೆಕ್ಕ. ರಾಜ್ಯದೊಳಗಿನ ಪರ್ಮಿಟ್‌ಗೂ ಇಂಥದೇ ಗಡುವು ಬೇಕೆಂಬುದು ನಮ್ಮ ಮುಖ್ಯ ಬೇಡಿಕೆ. ದಾಖಲೆಗಳ ವಿಷಯವೂ ಇದೆ. ಡಿಜಿಲಾಕರ್ ಪ್ರತಿಗೆ 2018ರಿಂದಲೇ ಕಾನೂನಿನ ಮಾನ್ಯತೆಯಿದ್ದರೂ ಡ್ಯಾಶ್‌ಬೋರ್ಡಿನಲ್ಲಿ ಬಿಸಿಲಿಗೆ ಅಕ್ಷರ ಮಾಸಿದ ಜೆರಾಕ್ಸನ್ನೇ ಕೆಲವೆಡೆ ಕೇಳುತ್ತಾರೆ. ಓದಲಾಗದ ಕಾಗದದಿಂದ ಯಾರಿಗೆ ಏನು ಪ್ರಯೋಜನವೋ ತಿಳಿಯದು!

ಒಂದು ಎಚ್ಚರಿಕೆ: ದಾರಿಯಲ್ಲಿ ಬಿಡಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಅನುಮತಿ ಕೇಳೋಣ ಎಂದು ಕೆಲವರು ಹೇಳುತ್ತಿದ್ದಾರೆ. ಅದು 1988ರ ಕೇಂದ್ರ ಮೋಟಾರು ವಾಹನ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ರಾಜ್ಯದ ನಿಯಮ ಬದಲಿಸಿದರೆ ಬಗೆಹರಿಯುವುದಿಲ್ಲ. ಮನವಿಯಲ್ಲಿ ಅದನ್ನು ತುರುಕುವುದು ಬೇಡ.

ಬರುವಾಗ ಪರ್ಮಿಟ್ ಮತ್ತು ಫಿಟ್‌ನೆಸ್ ಪ್ರಮಾಣಪತ್ರದ ನಕಲು ತನ್ನಿ. ನಿಮಗಾದ ತೊಂದರೆಯನ್ನು ದಿನಾಂಕದ ಸಮೇತ ನಾಲ್ಕು ಸಾಲಿನಲ್ಲಿ ಬರೆದು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಹಾಕಿ. ಧ್ವನಿ ಸಂದೇಶ ಬೇಡ, ಕೇಳಿ ಬರೆದುಕೊಳ್ಳುವಷ್ಟು ಸಮಯವಿಲ್ಲ. ಪರ್ಮಿಟ್ ಅವಧಿ ಮುಗಿಯುತ್ತಿರುವವರು ಸಭೆಗಾಗಿ ಕಾಯದೆ, ಕನಿಷ್ಠ 15 ದಿನ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ.

ಬರುವವರು ‘ಬರುತ್ತೇನೆ’ ಎಂದು ಉತ್ತರಿಸಿ. ಕುರ್ಚಿ, ಚಹಾಕ್ಕೆ ಹೇಳಬೇಕು.