ಬೀಳ್ಕೊಡುಗೆಯ ಪುಟಗಳಿಗೆ ಬರೆಯುವ ಮುನ್ನ

ಕೊಡಗಿನಲ್ಲಿ ಓದಿ ಹೊರದೇಶ ಸೇರಿದ ನಮ್ಮ ಬಳಗದವರ ಮೇಷ್ಟರುಗಳು, ಪ್ರಾಂಶುಪಾಲರು, ಕುಲಪತಿಗಳು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅಂಥವರಿಗೆ ಶುಭ ಹಾರೈಸಿ, ನೆನಪುಗಳನ್ನು ಕೂಡಿಸಿ ಸುದ್ದಿಪತ್ರದ ಕೆಲವು ಪುಟಗಳನ್ನೋ ಪುಟ್ಟ ಸಂಚಿಕೆಯನ್ನೋ ತರುವುದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಇಂಥ ಸಂಚಿಕೆಗಳಲ್ಲಿ ಬಹಳಷ್ಟು ಓದಿಸಿಕೊಳ್ಳುವುದಿಲ್ಲ. ಬರೆದವರೆಲ್ಲರೂ ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ಅಜಾತಶತ್ರು’ ಎಂದು ಶುರುಮಾಡಿ ‘ವಿಶ್ರಾಂತ ಜೀವನ ಸುಖಮಯವಾಗಿರಲಿ’ ಎಂದು ಮುಗಿಸಿರುತ್ತಾರೆ. ಹೆಸರು ತೆಗೆದು ಇನ್ನೊಬ್ಬ ಕುಲಪತಿಯ ಹೆಸರು ಹಾಕಿದರೂ ಏನೂ ಕೆಡುವುದಿಲ್ಲ. ಒಂದು ಇಡೀ ವಿಶ್ವವಿದ್ಯಾಲಯವನ್ನು ಹೊತ್ತವರಿಗೆ ನಾವು ಕೊಡಬೇಕಾದದ್ದು ಇದಲ್ಲ.

ಹಾಗಾದರೆ ಏನು ಬರೆಯಬೇಕು? ಅವರು ಮಾಡಿದ ಒಂದೇ ಒಂದು ಕೆಲಸ. ಯಾವ ವರ್ಷ, ಎಲ್ಲಿ, ತೊಡಕು ಏನಿತ್ತು, ಅವರು ಏನು ತೀರ್ಮಾನಿಸಿದರು, ಅದರಿಂದ ಯಾರಿಗೆ ಏನಾಯಿತು. ಇಷ್ಟಕ್ಕೆ 200 ಪದ ಸಾಕು, 250 ದಾಟಬೇಕಿಲ್ಲ. ಗುಣವಾಚಕ ಒಂದೂ ಇಲ್ಲದಿದ್ದರೂ ಓದುವವರಿಗೆ ಗುಣ ತಾನೇ ಕಾಣುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತ್ತು. ಆ ದಿನಗಳಲ್ಲಿ ಮನೆ ಕಳೆದುಕೊಂಡ ವಿದ್ಯಾರ್ಥಿಗಳ ಹಾಜರಾತಿ ಏನಾಯಿತು, ಕೆಸರಿನಲ್ಲಿ ಹೋದ ಅಂಕಪಟ್ಟಿಗಳ ನಕಲು ಹೇಗೆ ಸಿಕ್ಕಿತು, ಯಾರು ಯಾವ ಅರ್ಜಿಗೆ ಸಹಿ ಹಾಕಿದರು? ಕಣ್ಣಾರೆ ಕಂಡವರು ಅದನ್ನು ಬರೆಯಿರಿ. ಕೇಳಿದ್ದಾದರೆ ‘ಕೇಳಿದ್ದು’ ಎಂದೇ ಬರೆಯಿರಿ.

ಕುಲಪತಿಯ ಕೆಲಸ ಯಾವುದು, ಯಾವುದಲ್ಲ ಎಂಬುದೂ ತಿಳಿದಿರಬೇಕು. ಕರ್ನಾಟಕದ ಸರಕಾರಿ ವಿಶ್ವವಿದ್ಯಾಲಯಗಳಿಗೆ ರಾಜ್ಯಪಾಲರು ಕುಲಾಧಿಪತಿ, ಸಂಬಂಧಪಟ್ಟ ಇಲಾಖೆಯ ಸಚಿವರು ಸಹ ಕುಲಾಧಿಪತಿ. ಸಿಂಡಿಕೇಟ್ (ಆಡಳಿತ ಮಂಡಳಿ) ಮತ್ತು ವಿದ್ಯಾವಿಷಯಕ ಪರಿಷತ್ತಿನ ಸಭೆ ನಡೆಸುವವರು, ದಿನದಿನದ ಆಡಳಿತಕ್ಕೆ ಹೊಣೆಯಾಗುವವರು ಕುಲಪತಿ. ಹೊಸ ಹುದ್ದೆ ಮಂಜೂರು ಮಾಡುವುದು, ಹೊಸ ವಿಶ್ವವಿದ್ಯಾಲಯ ಕಟ್ಟುವುದು ಸರಕಾರದ ಕೈಯಲ್ಲಿದೆ. ಅದನ್ನೆಲ್ಲ ಒಬ್ಬರ ಖಾತೆಗೆ ಹಾಕಿದರೆ ಓದುವ ಸಹೋದ್ಯೋಗಿಗಳಿಗೆ ಮುಜುಗರ, ಹೊಗಳಿಸಿಕೊಂಡವರಿಗೆ ಇನ್ನೂ ಹೆಚ್ಚು. ಇನ್ನೊಂದು: ಕುಲಪತಿಯ ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ. ಅವಧಿ ಮುಗಿದವರೆಲ್ಲ ನಿವೃತ್ತರಲ್ಲ. ಸೇವೆ ಉಳಿದಿದ್ದರೆ ಅವರು ತಮ್ಮ ವಿಭಾಗಕ್ಕೆ ಪ್ರಾಧ್ಯಾಪಕರಾಗಿ ಮರಳುತ್ತಾರೆ. ಅಂಥವರಿಗೆ ‘ವಿಶ್ರಾಂತ ಜೀವನ’ ಹಾರೈಸಿದರೆ ಅಚ್ಚಾದ ಮೇಲೆ ತಿದ್ದಲಾಗದು. ಮೊದಲೇ ವಿಚಾರಿಸಿ.

ಹೆಚ್ಚಿನ ತಪ್ಪು ಆಗುವುದು ಯಾವ ವಿಶ್ವವಿದ್ಯಾಲಯ ಎಂಬಲ್ಲಿ. ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1980ರಲ್ಲಿ. ಅದಕ್ಕೆ ಮುಂಚಿನ ಎರಡು ದಶಕಗಳಲ್ಲಿ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಬಿ.ಎ. ಮುಗಿಸಿದವರು ಮೈಸೂರು ವಿಶ್ವವಿದ್ಯಾಲಯದ ಪದವೀಧರರು. ಆಮೇಲಿನವರಿಗೆ ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಯೇ ಕೇಂದ್ರ. ಒಂದು ನಕಲು ಅಂಕಪಟ್ಟಿಗಾಗಿ ಸಂಪಾಜೆ ಘಟ್ಟ ಇಳಿದು ಸುಳ್ಯ, ಪುತ್ತೂರು ದಾಟಿ ಹೋಗಿಬರುವುದರಲ್ಲಿ ಇಡೀ ದಿನ ಕಳೆಯುತ್ತಿತ್ತು. ಕುಶಾಲನಗರದ ಹತ್ತಿರ ಚಿಕ್ಕ ಅಳುವಾರದಲ್ಲಿದ್ದ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದ ಆವರಣದಲ್ಲೇ 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆರಂಭವಾಯಿತು. ಇತ್ತ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಡಿ ಶುರುವಾಗಿ ಈಗ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿ.ಟಿ.ಯು.), ಮಡಿಕೇರಿಯ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ. ಆದ್ದರಿಂದ ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ ಓದಿದ ಅಕ್ಕ–ತಮ್ಮಂದಿರಿಗೆ ಬೇರೆ ಬೇರೆ ಕುಲಪತಿ ಇರಬಹುದು.

ಅನುಮಾನ ಇದ್ದವರು ಕಪಾಟಿನಲ್ಲಿರುವ ಪದವಿ ಪ್ರಮಾಣಪತ್ರ ತೆಗೆದು ಸಹಿ ನೋಡಿ. ಅದು ಘಟಿಕೋತ್ಸವದ ಹೊತ್ತಿನ ಕುಲಪತಿಯ ಸಹಿ. ಪರೀಕ್ಷೆಗೂ ಘಟಿಕೋತ್ಸವಕ್ಕೂ ನಡುವೆ ಕುಲಪತಿ ಬದಲಾಗಿರುವುದುಂಟು. ಅಂಕಪಟ್ಟಿಯಲ್ಲಿರುವುದು ಪರೀಕ್ಷಾಂಗ ಕುಲಸಚಿವರ ಸಹಿ, ಅದನ್ನು ನೋಡಿ ತೀರ್ಮಾನಿಸಬೇಡಿ.

ಹೆಸರುಗಳ ವಿಷಯದಲ್ಲಿ ಕೊಡಗಿನವರ ಸಂಚಿಕೆಗೆ ಬೇರೆಯದೇ ಎಚ್ಚರ ಬೇಕು. ಕೊಡವರಲ್ಲಿ ಮನೆ ಹೆಸರು ಮೊದಲು. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬಲ್ಲಿ ಕೊಡಂದೇರ ಮನೆತನ, ಮಾದಪ್ಪ ತಂದೆ, ಕಾರ್ಯಪ್ಪ ಅವರ ಹೆಸರು. ಹೊರದೇಶದ ಅರ್ಜಿಗಳಲ್ಲಿ ಇದು ತಲೆಕೆಳಗಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಮನೆ ಹೆಸರು ಕೊನೆಗೆ ಹೋಗಿರುತ್ತದೆ, ಕೆಲವರದರಲ್ಲಿ ಅದು ಇರುವುದೇ ಇಲ್ಲ. ಸದಸ್ಯರ ಪಟ್ಟಿಯಿಂದ ಹೆಸರು ನಕಲಿಸಿದರೆ ಊರಿನಲ್ಲಿ ಯಾರಿಗೂ ಗುರುತು ಸಿಗದು. ಲೇಖನದ ಕೆಳಗೆ ನಿಮ್ಮ ಹೆಸರನ್ನು ಊರಿನಲ್ಲಿ ಕರೆಯುವಂತೆ ನೀವೇ ಕನ್ನಡದಲ್ಲಿ ಬರೆದು ಕಳಿಸಿ. ಮದುವೆಯ ನಂತರ ಮನೆ ಹೆಸರು ಬದಲಾದ ಹೆಣ್ಣುಮಕ್ಕಳು ತವರಿನ ಹೆಸರನ್ನೂ ಸೇರಿಸಿದರೆ ಹಾಜರಿ ಪುಸ್ತಕದಲ್ಲಿ ನಿಮ್ಮನ್ನು ಕಂಡಿದ್ದ ಮೇಷ್ಟರಿಗೆ ನೆನಪಾಗುತ್ತದೆ.

ಕೊಡಗಿನ ಮಾತುಗಳಾದ ಕೊಡವ ತಕ್ಕ್, ಅರೆಭಾಷೆಯಲ್ಲಿ ಬಂದ ಬರಹಗಳನ್ನು ಕನ್ನಡಕ್ಕೆ ‘ತಿದ್ದುವ’ ಹುಮ್ಮಸ್ಸು ಬೇಡವೇ ಬೇಡ. ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ, ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಸುಗ್ಗಿಯ ಹಬ್ಬ ‘ಪುತ್ತರಿ’ಯನ್ನು ‘ಹುತ್ತರಿ’ ಮಾಡುವ ಸ್ವಯಂ ತಿದ್ದುಪಡಿಯನ್ನು ಫೋನಿನಲ್ಲೂ ಕಂಪ್ಯೂಟರಿನಲ್ಲೂ ನಿಲ್ಲಿಸಿ, ಕರಡು ನೋಡಲು ಆ ಭಾಷೆ ಆಡುವವರಿಗೇ ಕೊಡಿ.

‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತ ಈಗಲೂ ಬರುತ್ತದೆ. ಅದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿ, ಬಳಿಕ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ. ಪರಿವರ್ತಕ ಎಡವುವುದು ಇಲ್ಲೇ, ಮತ್ತು ‘ಕಾರ್ಯಪ್ಪ’, ‘ಪ್ರಾಚಾರ್ಯ’, ‘ಕಾರ್ಯದರ್ಶಿ’ ಎಲ್ಲವೂ ಇದಕ್ಕೆ ಸಿಕ್ಕುವ ಪದಗಳೇ. ‘ರ‍್ಯಾಂಕ್’ ಎಂದು ಬರಬೇಕಾದರೆ ‘ರ’ ಆದ ಕೂಡಲೇ ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಬೇಕು. ಪುಟ ಕಟ್ಟುವವರಿಗೆ ಒಂದು ಮಾತು: ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ.

ಹಳೆಯ ಗ್ರೂಪ್ ಫೋಟೊಗಳೇ ಇಂಥ ಸಂಚಿಕೆಯ ಆಸ್ತಿ. ಕೊಡಗಿನ ಮಳೆಗಾಲದ ತೇವಕ್ಕೆ ಅವು ಫ್ರೇಮಿನ ಗಾಜಿಗೆ ಅಂಟಿ, ಅಂಚಿನಲ್ಲಿ ಬೂಷ್ಟು ಹಿಡಿದಿರುತ್ತವೆ. ಎಳೆದು ಬಿಡಿಸಬೇಡಿ, ಮುಖದ ಮೇಲಿನ ಪದರವೇ ಗಾಜಿಗೆ ಹತ್ತಿ ಬರುತ್ತದೆ. ಗಾಜು ಸಮೇತ ಸ್ಕ್ಯಾನ್ ಮಾಡಿ, ಇಲ್ಲವೇ ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು ಫ್ಲ್ಯಾಶ್ ಇಲ್ಲದೆ ಚಿತ್ರ ತೆಗೆಯಿರಿ. ಬಿಡಿ ಫೋಟೊ ಆದರೆ 600 ಡಿಪಿಐ ಸ್ಕ್ಯಾನ್ ಸಾಕು. ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು, ಅಂದರೆ ಆರು ಇಂಚು ಅಗಲದ ಚಿತ್ರಕ್ಕೆ 1800 ಪಿಕ್ಸೆಲ್. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಚಿತ್ರದ ಒಂದು ನಕಲಿನ ಮೇಲೆ ಮುಖಗಳಿಗೆ ಸಂಖ್ಯೆ ಹಾಕಿ ಕಾಲೇಜಿನ ನಿವೃತ್ತ ಸಿಬ್ಬಂದಿಗೆ ತೋರಿಸಿ. ಹೆಸರು ಚೆನ್ನಾಗಿ ನೆನಪಿರುವುದು ಅನೇಕ ವೇಳೆ ಕಚೇರಿಯ ಅಟೆಂಡರಿಗೆ, ಗ್ರಂಥಾಲಯದ ಸಹಾಯಕರಿಗೆ.

ಅವರ ನೆನಪುಗಳೂ ಬೇಕು. ಹಾಸ್ಟೆಲಿನ ಅಡುಗೆಯವರು, ಕುಲಪತಿಗಳ ಕಾರಿನ ಚಾಲಕರು ತಾವಾಗಿ ಬರೆದು ಕಳಿಸುವುದಿಲ್ಲ. ಒಪ್ಪಿಗೆ ಕೇಳಿ ಫೋನಿನಲ್ಲಿ ಇಪ್ಪತ್ತು ನಿಮಿಷ ಮಾತು ದಾಖಲಿಸಿಕೊಂಡರೆ ಹೆಚ್ಚುಕಡಿಮೆ ಎರಡು ಸಾವಿರ ಪದ ಸಿಗುತ್ತದೆ. ಅದರಲ್ಲಿ ಮುನ್ನೂರು ಆರಿಸಿ, ಅಚ್ಚಿಗೆ ಮೊದಲು ಅವರಿಗೆ ಓದಿ ಹೇಳಿ. ನಮ್ಮ ಮಟ್ಟಿಗೆ ಸಂಚಿಕೆಯ ಮೊದಲ ಪುಟಗಳು ಸಲ್ಲಬೇಕಾದದ್ದು ಇವರಿಗೆ. ಗಣ್ಯರ ಸಂದೇಶಗಳು ಹಿಂದೆ ಬರಲಿ.

ಊರಿನಲ್ಲಿ ಸಮಾರಂಭ ಇಡುವವರು ತಿಂಗಳು ನೋಡಿ ಇಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ರಸ್ತೆಯನ್ನೂ ಕರೆಂಟನ್ನೂ ನಂಬುವಂತಿಲ್ಲ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್ ಹಬ್ಬ, ಅಕ್ಟೋಬರ್ 17ರ ಆಸುಪಾಸು ತಲಕಾವೇರಿಯ ತೀರ್ಥೋದ್ಭವ, ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಪುತ್ತರಿ. ಅರೇಬಿಕಾ ಕಾಫಿಯ ಕೊಯ್ಲು ಶುರುವಾದರೆ ರೊಬಸ್ಟಾ ಮುಗಿಯುವ ಫೆಬ್ರವರಿವರೆಗೆ ತೋಟದವರು ಕಣ ಬಿಟ್ಟು ಬರಲಾರರು. ಉಳಿಯುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರ, ಇಲ್ಲವೇ ಮಾರ್ಚ್ ಎರಡನೇ ಪಕ್ಷ. ಕುಲಪತಿಗಳು ಅಧಿಕಾರ ಹಸ್ತಾಂತರಿಸಿದ ಮೇಲೆ ಇಟ್ಟರೆ ಇನ್ನೂ ಲೇಸು. ಕಡತ ಬಾಕಿ ಇರುವವರ ಹೊಗಳಿಕೆ ಆಗ ತಾನಾಗಿ ಕಡಿಮೆಯಾಗುತ್ತದೆ. ಸ್ಮರಣಿಕೆಯಾಗಿ ಪೀಚೆಕತ್ತಿ ಕೊಟ್ಟು, ಅದು ವಿಮಾನದಲ್ಲಿ ಬರುವುದಿದ್ದರೆ ಕೈಚೀಲದಲ್ಲಿ ಇಡದೆ ಚೆಕ್-ಇನ್ ಲಗೇಜಿಗೆ ಹಾಕಿ, ಇಳಿಯುವ ದೇಶದ ನಿಯಮವನ್ನೂ ಮೊದಲೇ ಓದಿಕೊಳ್ಳಿ.

ಎ4 ಪುಟದಲ್ಲಿ 12 ಪಾಯಿಂಟ್ ಕನ್ನಡ ಸುಮಾರು 350 ಪದ ಹಿಡಿಯುತ್ತದೆ. 200 ಪದದ ನಲವತ್ತು ಬರಹಕ್ಕೆ 23 ಪುಟ, ಫೋಟೊ ಸೇರಿದರೆ 32. ಹದಿನಾರು ಪುಟದ ಎರಡು ಫಾರಂ (ಮಡಚಿದ ಅಚ್ಚಿನ ಹಾಳೆ), ನಡುವೆ ಪಿನ್ ಹೊಡೆದರೆ ಮುಗಿಯಿತು. ಬರಹಗಳು ಸಮಾರಂಭಕ್ಕೆ ಹತ್ತು ವಾರ ಮೊದಲು ಕೈಸೇರಬೇಕು: ಪರಿವರ್ತನೆ ಮತ್ತು ಕರಡಿಗೆ ನಾಲ್ಕು, ಹೆಸರು–ಚಿತ್ರ ತಾಳೆಗೆ ಮೂರು, ಪುಟ ಕಟ್ಟಲು ಎರಡು, ಅಚ್ಚಿಗೆ ಒಂದು. ಫಾಂಟ್ ಒಳಸೇರಿಸಿದ ಪಿಡಿಎಫ್ ಕಳಿಸಿ ಮಡಿಕೇರಿಯಲ್ಲೋ ಮೈಸೂರಿನಲ್ಲೋ ಅಚ್ಚು ಹಾಕಿಸಿದರೆ ಸಾಗಣೆ ಖರ್ಚು ಉಳಿಯುತ್ತದೆ. ನೀವು ಓದಿದ ಕಾಲೇಜಿನ ಗ್ರಂಥಾಲಯಕ್ಕೆ ಎರಡು ಪ್ರತಿಗಳನ್ನು ಕೊಟ್ಟು, ದಾಖಲೆ ಪುಸ್ತಕದಲ್ಲಿ ನಮೂದಾಗಿ ಪರಿಗ್ರಹಣ ಸಂಖ್ಯೆ ಬಿದ್ದಿದೆಯೇ ಎಂದು ನೋಡಿಕೊಂಡು ಬನ್ನಿ.