‘ಬಿಹೋಲ್ಡ್’ ಬರೀ ನೋಡುವುದಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯ ಇಂಗ್ಲಿಷ್ ಪದ ಪರಿಚಯದಲ್ಲಿ ‘ಬಿಹೋಲ್ಡ್ ಎಂದರೆ ನೋಡು, ಈಗ ಬಳಕೆಯಲ್ಲಿಲ್ಲ’ ಎಂದಿತ್ತು. ಅರ್ಥ ತಪ್ಪೇನಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದ್ದು ಯಾಕೋ ಮನಸ್ಸಿಗೆ ಹಿಡಿಸಲಿಲ್ಲ.

ಆ ಪದದೊಳಗೆ ‘ಹೋಲ್ಡ್’ ಕೂತಿದೆಯಲ್ಲ, ನೋಡುವುದಕ್ಕೂ ಹಿಡಿಯುವುದಕ್ಕೂ ಏನು ನಂಟು? ನಾನು ಮೇಷ್ಟ್ರಾಗಿದ್ದಾಗ ಒಬ್ಬ ಹುಡುಗ ಇದನ್ನು ಕೇಳಿಯೇಬಿಟ್ಟಿದ್ದ. ನನಗೆ ಗೊತ್ತಿರಲಿಲ್ಲ. ‘ಸುಮ್ನೆ ಬರ್ಕೊಳೋ’ ಅಂದಿದ್ದೆ. ಆಮೇಲೆ ನಿಘಂಟು ತೆಗೆದು ಕೂತೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದು ‘ಬಿಹೆಆಲ್ಡನ್’. ಹಿಡಿದಿಟ್ಟುಕೊಳ್ಳುವುದು, ಕಾಯುವುದು, ಗಮನವಿಟ್ಟು ನೋಡುವುದು, ಎಲ್ಲಕ್ಕೂ ಇದೇ ಪದ. ಇನ್ನೂ ಹಿಂದೆ ಹೋದರೆ ದನಕರುಗಳ ವಾಸನೆ ಬರುತ್ತದೆ! ಗಾಥಿಕ್ ಅನ್ನುವುದು ಇಂಗ್ಲಿಷ್, ಜರ್ಮನ್‌ಗಳ ಬಳಗದ ಹಳೆಯ ಭಾಷೆ. 4ನೇ ಶತಮಾನದ ಗಾಥಿಕ್ ಬೈಬಲ್‌ನಲ್ಲಿ ‘ಹೋಲ್ಡ್’ನ ಸೋದರ ಪದವನ್ನು ಹಂದಿ ಕಾಯುವವರಿಗೆ ಬಳಸಿದ್ದಾರೆ. ಮಂದೆ ಕಾಯುವವನ ಕೆಲಸವೇ ಕಣ್ಣಿಟ್ಟಿರುವುದು, ಅಲ್ವಾ? ಜರ್ಮನ್ನಿನಲ್ಲಿ ‘ಬೆಹಾಲ್ಟನ್’ ಅಂದರೆ ಈಗಲೂ ಇಟ್ಟುಕೊಳ್ಳುವುದು. ಇಂಗ್ಲಿಷಿನವರು ಮಾತ್ರ ಕೈಯನ್ನು ಬಿಟ್ಟು ಕಣ್ಣನ್ನು ಉಳಿಸಿಕೊಂಡರು. ಪೂರ್ತಿ ಬಿಡಲಿಲ್ಲ ಅನ್ನಿ. ‘ಬಿಹೋಲ್ಡನ್’ ಅಂದರೆ ಇನ್ನೊಬ್ಬರ ಹಂಗಿನಲ್ಲಿರುವುದು. ಅಲ್ಲಿ ಆ ಹಳೆಯ ಹಿಡಿತ ಹಾಗೇ ಇದೆ.

ನಮ್ಮಲ್ಲಿ ಇದೇ ದಾರಿ ಉಲ್ಟಾ ಇದೆ. ‘ನೋಡು’ ಅನ್ನುವುದಕ್ಕೆ ‘ಕೊಳ್ಳು’ ಸೇರಿಸಿದರೆ ‘ನೋಡಿಕೊಳ್ಳು’. ‘ಮಗೂನ ನೋಡ್ಕೊ, ಅಂಗಡಿಗೆ ಹೋಗಿ ಬರ್ತೀನಿ’ ಅಂದರೆ ಮಗುವಿನ ಮುಖ ದಿಟ್ಟಿಸುತ್ತಾ ಕೂರು ಅಂತಲ್ಲ. ಅವರು ಕಾಯುವುದರಿಂದ ನೋಡುವುದಕ್ಕೆ ಬಂದರು, ನಾವು ನೋಡುವುದರಿಂದ ಕಾಯುವುದಕ್ಕೆ ಹೋದೆವು. ಆ ಹುಡುಗನಿಗೆ ಇದೊಂದನ್ನು ಹೇಳಿದ್ದರೆ ಸಾಕಿತ್ತು.

1611ರ ಇಂಗ್ಲಿಷ್ ಬೈಬಲ್‌ನಲ್ಲಿ ಈ ಪದ ಸಾವಿರಕ್ಕೂ ಜಾಸ್ತಿ ಸಲ ಬರುತ್ತದೆ. ಅಲ್ಲಿ ಹೆಚ್ಚಿನ ಕಡೆ ಅದು ನೋಡುವ ಕೆಲಸವನ್ನು ಹೇಳುವುದಿಲ್ಲ, ಕೇಳುವವರನ್ನು ಎಚ್ಚರಿಸುತ್ತದೆ ಅಷ್ಟೆ. ಕನ್ನಡ ಬೈಬಲ್ ಅನುವಾದಿಸಿದವರು ಅಂಥ ಕಡೆ ‘ಇಗೋ’ ಎಂದು ಬರೆದರು. ಎರಡಕ್ಷರದಲ್ಲಿ ಕೆಲಸ ಮುಗಿಯಿತು. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಅನುವಾದವಿಲ್ಲ.

ಇನ್ನು ‘ಬಳಕೆಯಲ್ಲಿಲ್ಲ’ ಅನ್ನುವುದನ್ನು ಒಪ್ಪಲಾರೆ. ‘ಲೋ ಅಂಡ್ ಬಿಹೋಲ್ಡ್’ ಎಂದು ತಮಾಷೆಗಾದರೂ ಜನ ಈಗಲೂ ಅನ್ನುತ್ತಾರೆ.

ಮುಂದಿನ ವಾರ ‘ರಿಗಾರ್ಡ್’ (ಗಮನಿಸು, ಪರಿಗಣಿಸು) ತೆಗೆದುಕೊಳ್ಳಿ. ಫ್ರೆಂಚಿನಿಂದ ಬಂದ ಆ ಪದದೊಳಗೂ ಒಬ್ಬ ಗಾರ್ಡ್ ಕೂತಿದ್ದಾನೆ.

– ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಶಿವಮೊಗ್ಗ