ಕೋವಿಯ ಒದೆತ ಮತ್ತು ಹೆಗಲು

ಮಾನ್ಯರೇ,

ಕೊಡವರು ಆಯುಧ ಪೂಜಿಸುವ ಹಬ್ಬ ಕೈಲ್ ಮುಹೂರ್ತ ಬಂತೆಂದರೆ ಕೊಡಗಿನ ಊರೂರಲ್ಲೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹೊಸಬರ ಹೆಗಲು ಕಂದುಗಟ್ಟುವುದೂ ಆಗಲೇ. ಗುಂಡು ಮುಂದಕ್ಕೆ ಹಾರುವಾಗ ಕೋವಿ ಹಿಂದಕ್ಕೆ ಒದೆಯುವುದೇ ಇದಕ್ಕೆ ಕಾರಣ.

ಕ್ರಿಯೆ, ಪ್ರತಿಕ್ರಿಯೆ ಸಮವಾದರೆ ಒಂದನ್ನೊಂದು ಅಳಿಸಿಹಾಕಬೇಕಲ್ಲ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಒಂದು ಬಲ ಗುಂಡಿನ ಮೇಲೆ, ಇನ್ನೊಂದು ಕೋವಿಯ ಮೇಲೆ, ಹಾಗಾಗಿ ಅಳಿಯುವುದಿಲ್ಲ. 12 ಬೋರ್ (ನಳಿಗೆಯ ಅಳತೆ) ತೋಟಾದ 32 ಗ್ರಾಂ ಚರೆ ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ, 3.2 ಕಿಲೋ ತೂಕದ ಕೋವಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹಿಂದಕ್ಕೆ ನುಗ್ಗುತ್ತದೆ. ಮದ್ದಿನ ಅನಿಲದ ಪಾಲು ಸೇರಿದರೆ ಇನ್ನೂ ತುಸು ಹೆಚ್ಚು. ಪಾಯಿಂಟ್ 22 ರೈಫಲ್ಲಿನ ಗುಂಡು ಸುಮಾರು 2.6 ಗ್ರಾಂ ಅಷ್ಟೇ. ಒದೆತ ತಿಳಿಯುವುದೇ ಕಡಿಮೆ.

ನೋವಿಗೆ ಹೆದರಿ ಬಟ್ಟನ್ನು (ಕೋವಿಯ ಹಿಂತುದಿಯನ್ನು) ಹೆಗಲಿನಿಂದ ಬೆರಳಗಲ ದೂರ ಹಿಡಿಯುವುದೇ ದೊಡ್ಡ ತಪ್ಪು. ಆಗ ಕೋವಿ ಪೂರ್ತಿ ವೇಗ ಪಡೆದು ಬಂದು ಗುದ್ದುತ್ತದೆ. ಬಿಗಿಯಾಗಿ ಒತ್ತಿ ಹಿಡಿದರೆ ಮೈತೂಕವೂ ಜೊತೆಗೂಡಿ ವೇಗ ತಗ್ಗುತ್ತದೆ. ರಬ್ಬರ್ ಪ್ಯಾಡ್ ತಡೆಯುವ ಸಮಯವನ್ನು ಹಿಗ್ಗಿಸಿ ಬಲವನ್ನು ಕುಗ್ಗಿಸುತ್ತದೆ. ಬಟ್ಟು ಕೊರಳೆಲುಬಿನ ಮೇಲೆ ಬೇಡ, ಅದರ ಕೆಳಗಿನ ಮಾಂಸಲ ಗುಳಿಯಲ್ಲಿರಲಿ. ಬಲಗೈಯವರು ಎಡಗಾಲು ಮುಂದಿಟ್ಟು ಮೈಯನ್ನು ತುಸು ಮುಂದಕ್ಕೆ ಬಾಗಿಸಬೇಕು.

ಆಯೋಜಕರು ಮೊದಲ ಗುಂಡಿಗೆ ಮುನ್ನ ಐದು ನಿಮಿಷ ಇದನ್ನು ಖಾಲಿ ಕೋವಿಯಲ್ಲಿ ಮಾಡಿ ತೋರಿಸಲಿ.

– ಭೌತಶಾಸ್ತ್ರ ಶಿಕ್ಷಕರು, ವಿರಾಜಪೇಟೆ